ಫ್ಲೆಕ್ಸಿಬಲ್ ಪಾರ್ಷಿಯಲ್ ಡೆಂಚರ್: ಅಚ್ಚು ಕೈಗೆ ಬಂದಲ್ಲಿಂದ ಸೆಟ್ಟು ಕ್ಲಿನಿಕ್ ತಲುಪುವವರೆಗೆ

ಕೆಲವು ಹಲ್ಲು ಹೋದವರಿಗೆ ಬಾಗುವ ನೈಲಾನ್‌ನಿಂದ ಮಾಡುವ, ತೆಗೆದು ಹಾಕುವ ಹಲ್ಲಿನ ಸೆಟ್ಟೇ ಫ್ಲೆಕ್ಸಿಬಲ್ ಪಾರ್ಷಿಯಲ್ ಡೆಂಚರ್. ಲ್ಯಾಬಿಗೆ ವಾಪಸ್ಸು ಬರುವ ಫ್ಲೆಕ್ಸಿಬಲ್ ಸೆಟ್ಟುಗಳ ಮೇಲಿನ ದೂರುಗಳು ನಾಲ್ಕೈದನ್ನು ಮೀರುವುದಿಲ್ಲ. ಹಲ್ಲು ಕಳಚಿಕೊಂಡಿದೆ, ಕ್ಲಾಸ್ಪಿನ (ಪಕ್ಕದ ಹಲ್ಲನ್ನು ಹಿಡಿಯುವ ಕೈಯ) ತುದಿ ಅರ್ಧಕ್ಕೇ ನಿಂತಿದೆ, ಬೈಟ್ (ಮೇಲಿನ ಕೆಳಗಿನ ಹಲ್ಲು ಕೂಡುವುದು) ಎತ್ತರವಾಗಿದೆ, ಒಳಗೆ ಗುಳ್ಳೆ ಕಾಣುತ್ತಿದೆ, ಅಂಚು ಒಸಡಿಗೆ ಚುಚ್ಚುತ್ತಿದೆ. ಕಾರಣ ಕೇಳಿದರೆ ಹೆಚ್ಚಿನವರು ಕಾಸಿದ ನೈಲಾನನ್ನು ಒತ್ತಡದಿಂದ ತುಂಬುವ ಇಂಜೆಕ್ಷನ್ ಮೆಷಿನ್ನಿನತ್ತ ಕೈ ತೋರಿಸುತ್ತಾರೆ. ಮೆಷಿನ್ ಕೆಲಸ ಮಾಡುವುದು ಐದಾರು ನಿಮಿಷ ಮಾತ್ರ. ಅದಕ್ಕೂ ಮೊದಲಿನ ಎರಡು ದಿನ ಬೆಂಚಿನ ಮೇಲೆ ಆದ ತಪ್ಪು ಆ ಐದಾರು ನಿಮಿಷದಲ್ಲಿ ಹೊರಬೀಳುತ್ತದೆ. ಆದ್ದರಿಂದ ಈ ಬರಹದಲ್ಲಿ ಇಂಜೆಕ್ಷನ್ನಿಗಿಂತ ಅದರ ಹಿಂದಿನ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೆಲಸ ಒಪ್ಪಿಕೊಳ್ಳುವ ಮೊದಲು

ನೈಲಾನ್, ಅಂದರೆ ಪಾಲಿಅಮೈಡ್, ಅಕ್ರಿಲಿಕ್‌ನಂತೆ ಹಲ್ಲಿಗೆ ಅಂಟಿಕೊಳ್ಳುವ ವಸ್ತುವಲ್ಲ. ಹಲ್ಲನ್ನು ಅದು ಹಿಡಿದುಕೊಳ್ಳುವುದು ನಾವು ಕೊರೆದ ತೂತಿನೊಳಗೆ ಹರಿದು ಗಟ್ಟಿಯಾಗುವುದರಿಂದ. ಹೀಗಾಗಿ ಹಲ್ಲಿಗೂ ಅದರ ಕೆಳಗೆ ಒಸಡಿನ ಮೇಲೆ ಕೂರುವ ಬೇಸಿಗೂ ಸಾಕಷ್ಟು ಎತ್ತರ ಇರಲೇಬೇಕು. ಎದುರು ಹಲ್ಲಿಗೂ ಒಸಡಿನ ದಿಣ್ಣೆಗೂ ನಡುವೆ 5 ಮಿ.ಮೀ.ಗಿಂತ ಕಡಿಮೆ ಜಾಗವಿರುವ ಕೇಸು ಬಂದರೆ, ಮಾಡೆಲ್ (ಬಾಯಿಯ ಅಚ್ಚಿನಿಂದ ಹೊಯ್ದ ಪ್ರತಿರೂಪ) ಮೇಲೆ ಸ್ಕೇಲಿಟ್ಟು ಅಳೆದು, ಡಾಕ್ಟರಿಗೆ ಫೋನ್ ಮಾಡಿ ತಿಳಿಸುವುದೇ ಸರಿ. ಎರಡೂ ಕಡೆ ಹಿಂದಿನ ದವಡೆ ಹಲ್ಲುಗಳೆಲ್ಲ ಹೋಗಿ ದಿಣ್ಣೆ ಚಾಕುವಿನ ಅಲಗಿನಂತೆ ಸವೆದಿರುವ ಕೇಸುಗಳಲ್ಲೂ ಹಾಗೆಯೇ. ಫ್ಲೆಕ್ಸಿಬಲ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಹಲ್ಲಿನ ಮೇಲೆ ಕೂರುವ ರೆಸ್ಟ್ ಇರುವುದಿಲ್ಲವಾದ್ದರಿಂದ ಅಗಿಯುವ ಭಾರವೆಲ್ಲ ಒಸಡಿನ ಮೇಲೆ ಬೀಳುತ್ತದೆ. ಅಂಥ ಕಡೆ ಕೋಬಾಲ್ಟ್-ಕ್ರೋಮಿಯಂ ಕಾಸ್ಟ್ ಪಾರ್ಷಿಯಲ್ ಸೂಚಿಸಿದರೆ ಲ್ಯಾಬಿಗೆ ಒಂದು ಕೆಲಸ ಕೈತಪ್ಪಬಹುದು, ಆದರೆ ಅದೇ ಕೆಲಸ ಮೂರು ಸಲ ರೀಡೂ ಆಗಿ ಬರುವುದು ತಪ್ಪುತ್ತದೆ.

ಬೇಕಾಗುವ ಸಲಕರಣೆಗಳು

ಸರ್ವೇಯರ್ (ಹಲ್ಲಿನ ಉಬ್ಬುತಗ್ಗು ಗುರುತಿಸುವ ಉಪಕರಣ), ಆರ್ಟಿಕ್ಯುಲೇಟರ್ (ದವಡೆಗಳ ಚಲನೆಯನ್ನು ಅನುಕರಿಸುವ ಚೌಕಟ್ಟು), ಮೈಕ್ರೋಮೋಟರ್ (ಕೊರೆಯುವ, ಅರೆಯುವ ಸಣ್ಣ ಮೋಟಾರು), ಮೇಣ ಮತ್ತು ಮೇಣದ ಚಾಕು ಎಲ್ಲ ಲ್ಯಾಬಿನಲ್ಲೂ ಇರುತ್ತವೆ. ಇವುಗಳ ಜೊತೆಗೆ ಬಾಯಿ ತೆರೆದಿರುವ ಅಲ್ಯೂಮಿನಿಯಂ ಇಂಜೆಕ್ಷನ್ ಫ್ಲಾಸ್ಕ್ (ಎರಡು ಅರ್ಧಗಳ ಪೆಟ್ಟಿಗೆ), ಕಾರ್ಟ್ರಿಜ್ (ನೈಲಾನ್ ತುಂಬಿದ ಕೊಳವೆ) ಕಾಯಿಸುವ ಫರ್ನೇಸ್, ಕೈ ಪ್ರೆಸ್ ಅಥವಾ ಗಾಳಿಯ ಒತ್ತಡದ ಇಂಜೆಕ್ಟರ್, ದಪ್ಪ ಸ್ಪ್ರೂ ಮೇಣ (ಸ್ಪ್ರೂ ಅಂದರೆ ನೈಲಾನ್ ಒಳಹೋಗುವ ದಾರಿ), 1.5 ಮತ್ತು 2 ಮಿ.ಮೀ. ರೌಂಡ್ ಬರ್‌ಗಳು (ದುಂಡು ತಲೆಯ ಕೊರೆಯುವ ಮೊನೆಗಳು), ನೈಲಾನ್‌ಗೆಂದೇ ಬರುವ ರಬ್ಬರ್ ಚಕ್ರಗಳು, ಹೀಟ್ ಲ್ಯಾಂಪ್ ಅಥವಾ ಸಣ್ಣ ಡ್ರೈಯಿಂಗ್ ಓವನ್, ಮತ್ತು ಅರ್ಧ ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತೂಕದ ಯಂತ್ರ ಬೇಕು. ಕೊನೆಯ ಎರಡನ್ನು ಕೊಳ್ಳದೆ ಕೆಲಸ ಶುರು ಮಾಡುವವರೇ ಹೆಚ್ಚು. ಗುಳ್ಳೆಯ ದೂರೂ ಅರ್ಧಕ್ಕೆ ನಿಂತ ಕ್ಲಾಸ್ಪಿನ ದೂರೂ ಬಹುತೇಕ ಅಲ್ಲಿಂದಲೇ ಹುಟ್ಟುತ್ತವೆ.

ಬಿಸಿ ತಡೆಯುವ ಚರ್ಮದ ಗ್ಲೌಸ್, ಕನ್ನಡಕ, ದೂಳಿನ ಮಾಸ್ಕ್ ಮತ್ತು ಬೆಂಚಿನ ಸಕ್ಷನ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ಸ್ಟೋನ್ (ಮಾಡೆಲ್ ಹೊಯ್ಯುವ ಗಟ್ಟಿ ಜಿಪ್ಸಮ್ ಪುಡಿ) ಮತ್ತು ಪ್ಯೂಮಿಸ್‌ನ (ಹೊಳಪಿಗೆ ಬಳಸುವ ಕಲ್ಲಿನ ಪುಡಿ) ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ.

ಹಂತ 1: ಅಚ್ಚು ಮತ್ತು ಮಾಡೆಲ್

ಬೆಂಗಳೂರಿನಲ್ಲಿ ಸೆಟ್ಟು ಕೆಡುವುದು ಕೆಲವೊಮ್ಮೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲೇ. ಡಾಕ್ಟರ್ ಬಾಯಿಯಿಂದ ತೆಗೆಯುವ ಆಲ್ಜಿನೇಟ್ ಅಚ್ಚು ತನ್ನೊಳಗಿನ ನೀರನ್ನು ಬಿಡುತ್ತಾ ಕುಗ್ಗುತ್ತದೆ. ತೆಗೆದ 15ರಿಂದ 30 ನಿಮಿಷದೊಳಗೆ ಅದಕ್ಕೆ ಸ್ಟೋನ್ ಸುರಿಯಬೇಕು. ವೈಟ್‌ಫೀಲ್ಡಿನ ಕ್ಲಿನಿಕ್ಕಿನಿಂದ ರಾಜಾಜಿನಗರದ ಲ್ಯಾಬಿಗೆ ಹುಡುಗ ಬೈಕಿನಲ್ಲಿ ಒದ್ದೆ ಹತ್ತಿ ಸುತ್ತಿ ತರುವಷ್ಟರಲ್ಲಿ ಆ ಹೊತ್ತು ಎರಡು ಸಲ ಕಳೆದಿರುತ್ತದೆ. ಹತ್ತಿಯನ್ನು ನೀರಿನಲ್ಲಿ ತೊಯ್ಯಿಸಿ ಸುತ್ತಿದರೆ ಅಚ್ಚು ನೀರು ಕುಡಿದು ಉಬ್ಬುವುದೂ ಉಂಟು. ದೂರದ ಕ್ಲಿನಿಕ್ಕಾದರೆ ಮಾಡೆಲನ್ನು ಅಲ್ಲೇ ಹೊಯ್ದು ಕಳುಹಿಸುವಂತೆ, ಇಲ್ಲವೇ ಸಿಲಿಕೋನ್ ಅಚ್ಚು ತೆಗೆಯುವಂತೆ ಡಾಕ್ಟರನ್ನು ಕೇಳಿಕೊಳ್ಳಬೇಕು.

ಅಚ್ಚನ್ನು ಮೊದಲು ಹರಿಯುವ ನೀರಿನಲ್ಲಿ ತೊಳೆದು, ಸೋಂಕುನಿವಾರಕ ಸಿಂಪಡಿಸಿ 10 ನಿಮಿಷ ಮುಚ್ಚಿಟ್ಟು, ಮತ್ತೆ ತೊಳೆದು ಮೇಲಿನ ನೀರನ್ನು ಕೊಡವಬೇಕು. ಮಾಡೆಲಿಗೆ ಡೈ ಸ್ಟೋನ್ ಬಳಸುವುದು ಕ್ಷೇಮ. 100 ಗ್ರಾಂ ಪುಡಿಗೆ 22ರಿಂದ 24 ಮಿ.ಲೀ. ನೀರು ಸಾಕು, ಅದನ್ನು ಕಣ್ಣಳತೆಯಲ್ಲಿ ಹಾಕಬಾರದು. ಬೋರ್‌ವೆಲ್ ನೀರಿನ ಉಪ್ಪಿನಂಶ ಸ್ಟೋನ್ ಗಟ್ಟಿಯಾಗುವ ವೇಗವನ್ನು ಬದಲಿಸುವುದರಿಂದ ಕಲಸಲು ಡಿಸ್ಟಿಲ್ಡ್ ನೀರಿನ ಕ್ಯಾನ್ ಒಂದನ್ನು ಬೇರೆಯೇ ಇಟ್ಟುಕೊಳ್ಳಿ.

ಎಚ್ಚರಿಕೆಯ ಸೂಚನೆ: ಉಗುರಿನಿಂದ ಕೆರೆದಾಗ ಮಾಡೆಲಿನ ಮೇಲ್ಮೈ ಪುಡಿಯಾಗಿ ಬಂದರೆ, ಅಥವಾ ಆಧಾರದ ಹಲ್ಲಿನ (ಕ್ಲಾಸ್ಪ್ ಹಿಡಿಯುವ ಹಲ್ಲಿನ) ಕುತ್ತಿಗೆಯಲ್ಲಿ ಗಾಳಿಗುಳ್ಳೆಯ ಗುರುತಿದ್ದರೆ, ಅದರ ಮೇಲೆ ಮುಂದಿನ ಯಾವ ಕೆಲಸವನ್ನೂ ಮಾಡಬಾರದು.

ಹಂತ 2: ಸರ್ವೇ, ಬ್ಲಾಕ್‌ಔಟ್ ಮತ್ತು ಡೂಪ್ಲಿಕೇಟ್

"ಹೇಗೂ ಬಾಗುವ ಮೆಟೀರಿಯಲ್ ತಾನೇ, ಸರ್ವೇ ಯಾಕೆ?" ಎಂಬ ಮಾತು ಹೊಸಬರ ಬಾಯಲ್ಲಿ ಪದೇ ಪದೇ ಕೇಳಿಬರುತ್ತದೆ. ಬಾಗುತ್ತದೆ ನಿಜ, ಆದರೆ ಬಾಗಿ ಒಳಹೊಕ್ಕ ಮೇಲೆ ಆ ಜಾಗದಲ್ಲಿ ಅದು ವಿಶ್ರಾಂತಿಯಾಗಿ ಕೂರಬೇಕು. ಒತ್ತಿಕೊಂಡೇ ಇರುವ ನೈಲಾನ್ ಹಲ್ಲನ್ನು ದಿನವಿಡೀ ದೂಡುತ್ತದೆ, ಒಸಡನ್ನು ಹುಣ್ಣಾಗಿಸುತ್ತದೆ.

ಸರ್ವೇಯರ್ ಮೇಲೆ ಮಾಡೆಲನ್ನು ಓರೆ ಮಾಡಿ ನೋಡಿ, ಸೆಟ್ಟು ಒಳಹೋಗುವ ದಿಕ್ಕನ್ನು ನಿಶ್ಚಯಿಸಿ, ಪ್ರತಿ ಆಧಾರದ ಹಲ್ಲಿನ ಮೇಲೂ ಸೀಸದ ಕಡ್ಡಿಯಿಂದ ಗೆರೆ ಎಳೆಯಬೇಕು. ಲೋಹದ ಕ್ಲಾಸ್ಪಿಗೆ 0.25 ಮಿ.ಮೀ. ಅಂಡರ್‌ಕಟ್ (ಹಲ್ಲಿನ ಉಬ್ಬಿನ ಕೆಳಗಿನ ತಗ್ಗು) ಸಾಕಾಗುವ ಕಡೆ ನೈಲಾನ್ ಅರ್ಧ ಮಿ.ಮೀ.ವರೆಗೂ ಸುಲಭವಾಗಿ ಹೋಗಿ ಹಿಡಿಯುತ್ತದೆ. ಅದಕ್ಕಿಂತ ಆಳವಿರುವ ಭಾಗವನ್ನೂ, ಹಲ್ಲುಸಂದಿಯ ತ್ರಿಕೋನಗಳನ್ನೂ, ಕೆಳದವಡೆಯಲ್ಲಿ ನಾಲಿಗೆಯ ಕಡೆಗಿರುವ ಮೂಳೆಯ ಏಣನ್ನೂ ಬ್ಲಾಕ್‌ಔಟ್ ಮೇಣದಿಂದ ತುಂಬಿ, ಸರ್ವೇಯರಿನ ಚಾಕುವಿನಿಂದ ನೇರವಾಗಿ ಕೆರೆದು ತೆಗೆಯಬೇಕು. ಒಸಡಿನ ಅಂಚಿನ ಉದ್ದಕ್ಕೂ ಒತ್ತಡ ತಪ್ಪಿಸುವ ತೆಳುವಾದ ರಿಲೀಫ್ ಮೇಣ ಹಾಕುವುದನ್ನು ಮರೆಯಬಾರದು. ಕ್ಲಾಸ್ಪ್ ಹಿಡಿಯಬೇಕಾದ ಜಾಗವನ್ನೇ ಮೇಣದಿಂದ ಮುಚ್ಚಿಬಿಡುವುದು ಇದಕ್ಕೆ ಎದುರಾದ ತಪ್ಪು. ಹಾಗೆ ಮಾಡಿದ ಸೆಟ್ಟು ಮಾತಾಡುವಾಗಲೇ ಜಾರುತ್ತದೆ.

ಬ್ಲಾಕ್‌ಔಟ್ ಮುಗಿದ ಮಾಡೆಲನ್ನು ಸಿಲಿಕೋನ್ ಅಥವಾ ಅಗರ್‌ನಲ್ಲಿ ಡೂಪ್ಲಿಕೇಟ್ ಮಾಡಿ, ಮುಂದಿನ ಕೆಲಸವನ್ನೆಲ್ಲ ಡೂಪ್ಲಿಕೇಟ್ ಮೇಲೆಯೇ ನಡೆಸಬೇಕು. ಫ್ಲಾಸ್ಕ್ ಬಿಚ್ಚುವಾಗ ಅದು ಒಡೆದುಹೋಗುತ್ತದೆ. ಕೊನೆಗೆ ಸೆಟ್ಟು ಕೂರಿಸಿ ನೋಡಲು ಮೂಲ ಮಾಡೆಲ್ ಉಳಿದಿರಬೇಕು. ಸಮಯ ಉಳಿಸಲೆಂದು ಈ ಕೆಲಸ ಬಿಡುವ ಲ್ಯಾಬುಗಳಲ್ಲಿ ಕೊನೆಯ ಪರೀಕ್ಷೆ ರೋಗಿಯ ಬಾಯಲ್ಲೇ ನಡೆಯುತ್ತದೆ.

ಹಂತ 3: ಹಲ್ಲಿಗೆ ತೂತು ಕೊರೆಯುವುದು

ಇಡೀ ಕೆಲಸದಲ್ಲಿ ಅತ್ಯಂತ ನಿಧಾನವಾಗಿ ಮಾಡಬೇಕಾದ್ದು ಇದು. ಕೆಲವರು ಟ್ರೈ-ಇನ್ (ಮೇಣದ ಸೆಟ್ಟನ್ನು ರೋಗಿಯ ಬಾಯಲ್ಲಿ ಕೂರಿಸಿ ನೋಡುವುದು) ಆದ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ಕೊರೆದು ಮತ್ತೆ ಕೂರಿಸುತ್ತಾರೆ, ನನಗದು ಒಗ್ಗುವುದಿಲ್ಲ. ಡಾಕ್ಟರ್ ಒಪ್ಪಿದ ಬೈಟ್ ಕಿತ್ತು ಕೂರಿಸುವಾಗ ಅಲುಗಾಡುತ್ತದೆ. ಟ್ರೈ-ಇನ್‌ಗೆ ಮೊದಲೇ ಕೊರೆದಿಟ್ಟರೆ, ಷೇಡ್ (ಹಲ್ಲಿನ ಬಣ್ಣ) ಬದಲಾದ ಪಕ್ಷದಲ್ಲಿ ಒಂದಿಷ್ಟು ಶ್ರಮ ವ್ಯರ್ಥವಾಗುತ್ತದೆ, ಅಷ್ಟೇ.

ಮೊದಲು ಹಲ್ಲಿನ ತಳವನ್ನು ಅರೆದು, ಅದಕ್ಕೂ ಮಾಡೆಲಿನ ದಿಣ್ಣೆಗೂ ನಡುವೆ 1ರಿಂದ 1.5 ಮಿ.ಮೀ. ಖಾಲಿ ಜಾಗ ಉಳಿಯುವಂತೆ ಮಾಡಬೇಕು. ತಳ ದಿಣ್ಣೆಗೆ ತಾಗಿಕೊಂಡಿದ್ದರೆ ಅಲ್ಲಿ ನೈಲಾನ್ ಹೋಗಲು ದಾರಿಯೇ ಇರುವುದಿಲ್ಲ. ಬಳಿಕ ದವಡೆ ಹಲ್ಲನ್ನು ಹೆಬ್ಬೆರಳು ತೋರುಬೆರಳ ನಡುವೆ ಗಟ್ಟಿಯಾಗಿ ಹಿಡಿದು, 2 ಮಿ.ಮೀ. ರೌಂಡ್ ಬರ್‌ನಿಂದ ಮುಂದಿನ ಬದಿಯಿಂದ ಹಿಂದಿನ ಬದಿಗೆ ಅಡ್ಡವಾಗಿ ಒಂದು ಸುರಂಗ ಕೊರೆಯಬೇಕು. ಎರಡೂ ಬದಿಗಳಿಂದ ಅರ್ಧರ್ಧ ಕೊರೆದರೆ ಬರ್ ಪಕ್ಕಕ್ಕೆ ಹೊರಳುವುದಿಲ್ಲ. ಆಮೇಲೆ ತಳದ ನಡುವಿನಿಂದ ಮೇಲ್ಮುಖವಾಗಿ ಇನ್ನೊಂದು ತೂತು ಕೊರೆದು ಸುರಂಗಕ್ಕೆ ಕೂಡಿಸಬೇಕು. ಇಂಗ್ಲಿಷ್ ಟೀ ಅಕ್ಷರದಂತೆ ಹಲ್ಲಿನ ತಳಕ್ಕೆ ಹತ್ತಿರವೇ ಈ ಜಾಲ ಇರಬೇಕು. ಅಗಿಯುವ ಮೇಲ್ಮೈಯತ್ತ ಏರಿದರೆ ಹಲ್ಲು ಸವೆದಾಗ ನೈಲಾನ್ ಇಣುಕುತ್ತದೆ.

ಕೊರೆದಾದ ಮೇಲೆ ದೂಳು ಊದಿ, ಹಲ್ಲನ್ನು ಟ್ಯೂಬ್‌ಲೈಟಿನತ್ತ ಹಿಡಿದು ಸುರಂಗದೊಳಗೆ ನೋಡಬೇಕು. ಆಚೆಯ ಬೆಳಕು ದುಂಡಗೆ, ಅಡ್ಡಿಯಿಲ್ಲದೆ ಕಾಣಬೇಕು. ಹಾಗೆಯೇ ಆರ್ಥೊಡಾಂಟಿಕ್ ತಂತಿಯ ತುಂಡೊಂದನ್ನು ತಳದ ತೂತಿನಿಂದ ತೂರಿಸಿದರೆ ಅದು ಎಡಕ್ಕೂ ಬಲಕ್ಕೂ ಸಲೀಸಾಗಿ ಹೊರಳಬೇಕು. ಎಲ್ಲೋ ಒಂದು ಕಡೆ ತಡೆದರೆ ಎರಡು ತೂತುಗಳು ಕೂಡುವಲ್ಲಿ ಏಣು ಉಳಿದಿದೆ ಎಂದರ್ಥ.

ಮುಂದಿನ ಹಲ್ಲುಗಳು ತೆಳುವಾಗಿರುವುದರಿಂದ 1.5 ಮಿ.ಮೀ. ಬರ್ ಸಾಕು. ತೂತನ್ನು ಸಾಧ್ಯವಾದಷ್ಟು ನಾಲಿಗೆಯ ಬದಿಗೆ ಸರಿಸಬೇಕು. ತುಟಿಯ ಬದಿಗೆ ಬಂದರೆ ಹಲ್ಲಿನೊಳಗಿಂದ ಗುಲಾಬಿ ಬಣ್ಣ ಹೊಳೆಯುತ್ತದೆ, ನಕ್ಕಾಗ ಮೊದಲು ಕಾಣುವುದೂ ಅದೇ.

ಹಂತ 4: ಹಲ್ಲು ಜೋಡಣೆ ಮತ್ತು ಟ್ರೈ-ಇನ್

ಜೋಡಣೆಯ ಕ್ರಮದಲ್ಲಿ ಅಕ್ರಿಲಿಕ್ ಸೆಟ್ಟಿಗಿಂತ ಭಿನ್ನವಾದದ್ದೇನಿಲ್ಲ. ಟ್ರೈ-ಇನ್ ಮಾತ್ರ ಬಿಡುವಂತಿಲ್ಲ. ಅಕ್ರಿಲಿಕ್‌ನಲ್ಲಾದರೆ ಮುಗಿದ ಮೇಲೂ ಒಂದು ಹಲ್ಲು ಕಿತ್ತು ಬೇರೆ ಕೂರಿಸಿ ಕೋಲ್ಡ್ ಕ್ಯೂರ್ (ಕಾಯಿಸದೆ ಗಟ್ಟಿಯಾಗುವ ಅಕ್ರಿಲಿಕ್) ಹಾಕಬಹುದು; ನೈಲಾನ್‌ಗೆ ಅದು ಹಿಡಿಯುವುದಿಲ್ಲ. "ಅರ್ಜೆಂಟ್ ಇದೆ, ನೇರ ಫಿನಿಶ್ ಮಾಡಿ ಕೊಡಿ" ಎಂದು ಕ್ಲಿನಿಕ್ಕಿನವರು ಕೇಳಿದರೆ, ಬೈಟ್ ಕೆಟ್ಟರೆ ಹೊಸದಾಗಿಯೇ ಮಾಡಬೇಕಾಗುತ್ತದೆಂದು ವರ್ಕ್ ಆರ್ಡರಿನಲ್ಲಿ ಬರೆದು ಕಳುಹಿಸಿ.

ಹಂತ 5: ಮೇಣದ ಆಕಾರ

ಬೇಸಿನ ದಪ್ಪ 1.5ರಿಂದ 2 ಮಿ.ಮೀ., ಕ್ಲಾಸ್ಪಿನ ದಪ್ಪ 1ರಿಂದ 1.5 ಮಿ.ಮೀ. ಇರಲಿ. ತೆಳುವಾದರೆ ನೈಲಾನ್ ತುದಿಯವರೆಗೆ ಹರಿಯುವ ಮೊದಲೇ ಹೆಪ್ಪುಗಟ್ಟುತ್ತದೆ, ದಪ್ಪವಾದರೆ ಬಾಗುವ ಗುಣವೇ ಹೋಗುತ್ತದೆ. ದಪ್ಪವನ್ನು ಮೇಣದ ಗೇಜಿನಿಂದ ಅಳೆಯಬೇಕು. ಕ್ಲಾಸ್ಪ್ ಬೇಸಿಗೆ ಸೇರುವಲ್ಲಿ ಮೂಲೆ ಇರಬಾರದು, ದುಂಡಗೆ ಹರಿಯಬೇಕು. ಬಿರುಕು ಬಿಡುವುದು ಸದಾ ಮೂಲೆಯಲ್ಲೇ. ಹೊಳಪೂ ಮೇಣದಲ್ಲೇ ಬರಬೇಕು, ಏಕೆಂದರೆ ಗಟ್ಟಿಯಾದ ನೈಲಾನನ್ನು ಉಜ್ಜಿ ಆಕಾರ ತಿದ್ದುವುದು ಅಕ್ರಿಲಿಕ್‌ನಷ್ಟು ಸುಲಭವಲ್ಲ.

ಬಳಸಿದ ಮೇಣದ ತೂಕವನ್ನು ಬರೆದಿಟ್ಟುಕೊಳ್ಳಿ. ಮೇಣಕ್ಕಿಂತ ನೈಲಾನ್ ಸ್ವಲ್ಪ ಭಾರ. ಸ್ಪ್ರೂವಿನಲ್ಲೂ ಕಾರ್ಟ್ರಿಜ್ಜಿನ ತಳದಲ್ಲೂ ಒಂದಷ್ಟು ಉಳಿಯುತ್ತದೆ. ಆದ್ದರಿಂದ ಬೇಸು ಮತ್ತು ಸ್ಪ್ರೂ ಮೇಣದ ಒಟ್ಟು ತೂಕ ಸಣ್ಣ ಕಾರ್ಟ್ರಿಜ್ಜಿನ ಅಂಚಿಗೆ ಬಂದರೆ ದೊಡ್ಡದನ್ನೇ ಆರಿಸಬೇಕು. ಕಾರ್ಟ್ರಿಜ್ಜಿನ ಬೆಲೆಯ ವ್ಯತ್ಯಾಸ ಇಡೀ ಸೆಟ್ಟನ್ನು ಮತ್ತೆ ಮಾಡುವ ಖರ್ಚಿನ ಮುಂದೆ ಏನೂ ಅಲ್ಲ.

ಹಂತ 6: ಫ್ಲಾಸ್ಕಿಂಗ್ ಮತ್ತು ಸ್ಪ್ರೂ

ಫ್ಲಾಸ್ಕಿನ ಕೆಳ ಅರ್ಧದಲ್ಲಿ ಮಾಡೆಲನ್ನು ಸ್ಟೋನ್‌ನಲ್ಲಿ ಕೂರಿಸುವಾಗ, ಸೆಟ್ಟಿನ ಹಿಂಭಾಗ ಫ್ಲಾಸ್ಕಿನ ಬಾಯಿಯ ಕಡೆಗೆ ಇರಬೇಕು. ಮೇಲ್ದವಡೆಯ ಅಂಗುಳ ಮುಚ್ಚುವ ಸೆಟ್ಟಿಗೆ ಹಿಂದಿನ ಅಂಚಿನ ನಡುವೆ ಅಗಲವಾದ ಒಂದು ಸ್ಪ್ರೂ ಸಾಕು. ಕೆಳದವಡೆಯ ಕುದುರೆಲಾಳದ ಆಕಾರಕ್ಕೆ ಬಾಯಿಯಿಂದ ಕವಲೊಡೆದು ಎರಡೂ ಹಿಂದಿನ ತುದಿಗಳಿಗೆ ಸೇರುವ ಎರಡು ಸ್ಪ್ರೂಗಳು ಬೇಕು. ಸ್ಪ್ರೂ 6ರಿಂದ 8 ಮಿ.ಮೀ. ದಪ್ಪವಿದ್ದು, ಸೆಟ್ಟಿಗೆ ಸೇರುವಲ್ಲಿ ಅಗಲವಾಗಬೇಕು, ಎಲ್ಲೂ ಚೂಪಾಗಿ ತಿರುಗಬಾರದು. ಕಾಲುವೆಯ ನೀರನ್ನು ಗದ್ದೆಗೆ ತಿರುಗಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೇಲಿನ ಅರ್ಧಕ್ಕೆ ಸಾದಾ ಪ್ಲಾಸ್ಟರ್ ತುಂಬುವುದು ಬಹಳ ಕಡೆ ಕಾಣುವ ತಪ್ಪು. ಇಂಜೆಕ್ಷನ್ನಿನ ಒತ್ತಡಕ್ಕೆ ಪ್ಲಾಸ್ಟರ್ ಕುಸಿದು ಹಲ್ಲುಗಳು ಮೇಲೇರುತ್ತವೆ, ಬೈಟ್ ಎತ್ತರವಾಗಿ ಬರುತ್ತದೆ, ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಅರೆದರೂ ಮುಗಿಯುವುದಿಲ್ಲ. ಎರಡೂ ಅರ್ಧಗಳಿಗೆ ಸ್ಟೋನ್ ಹಾಕಿ, ಕನಿಷ್ಠ ಒಂದು ಗಂಟೆ ಗಟ್ಟಿಯಾಗಲು ಬಿಡಬೇಕು. ಫ್ಲಾಸ್ಕಿನ ಲೋಹದ ಅಂಚುಗಳು ಒಂದಕ್ಕೊಂದು ಪೂರ್ತಿ ತಾಗಿವೆಯೇ ಎಂದು ಬೆರಳುಗುರು ಆಡಿಸಿ ನೋಡಬೇಕು.

ಹಂತ 7: ಡಿವ್ಯಾಕ್ಸ್ (ಮೇಣ ತೆಗೆಯುವುದು) ಮತ್ತು ಒಣಗಿಸುವುದು

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಮೇಣ ಕರಗಲು ಅದು ಧಾರಾಳ. ಐದಾರು ನಿಮಿಷ ಕುದಿಯುವ ನೀರಿನಲ್ಲಿಟ್ಟು ಫ್ಲಾಸ್ಕ್ ತೆರೆದು, ಮೆತ್ತಗಾದ ಮೇಣವನ್ನು ಒಂದೇ ತುಂಡಾಗಿ ಎತ್ತಿ, ಸೋಪಿನ ಕುದಿನೀರನ್ನೂ ಆಮೇಲೆ ಶುದ್ಧ ಕುದಿನೀರನ್ನೂ ಸುರಿಯಬೇಕು. ತೊಳೆಯಲು ಬಳಸಿದ ನೀರಿನ ಮೇಲೆ ಎಣ್ಣೆಯಂಥ ಪದರ ತೇಲುತ್ತಿದ್ದರೆ ಮತ್ತೆ ಸುರಿಯಬೇಕು. ಹಲ್ಲಿನ ತೂತಿನಲ್ಲಿ ಮೇಣ ಉಳಿದುಕೊಂಡಿರುವುದು ಮೇಲಿನಿಂದ ಕಾಣುವುದಿಲ್ಲ. ಪ್ರತಿಯೊಂದಕ್ಕೂ ತಂತಿ ಹಾಕಿ, ಗಾಳಿ ಊದಿ ಖಚಿತಪಡಿಸಿಕೊಳ್ಳಬೇಕು. ಕೊರೆಯುವಾಗ ಎಷ್ಟೇ ಜಾಗ್ರತೆ ವಹಿಸಿದ್ದರೂ ಇಲ್ಲಿ ಮೈಮರೆತರೆ ಹಲ್ಲು ಕಳಚುತ್ತದೆ.

ಸ್ಟೋನ್ ಬೆಚ್ಚಗಿರುವಾಗಲೇ ನೈಲಾನ್ ಅದಕ್ಕೆ ಅಂಟದಂತೆ ಸೆಪರೇಟರನ್ನು ತೆಳುವಾಗಿ ಎರಡು ಸಲ ಹಚ್ಚಬೇಕು. ಅದು ಹಲ್ಲಿನ ತೂತಿನಲ್ಲಿ ನಿಂತು ಒಣಗಬಾರದು.

ಇನ್ನು ಒಣಗಿಸುವುದು. ನೈಲಾನ್ ತೇವವನ್ನು ಹೀರುತ್ತದೆ. ಕಾದ ನೈಲಾನ್‌ಗೆ ತೇವ ತಾಗಿದರೆ ಅದು ಆವಿಯಾಗಿ ಗುಳ್ಳೆಯೂ ಬೆಳ್ಳಿಯ ಗೆರೆಗಳೂ ಮೂಡುತ್ತವೆ. ಫ್ಲಾಸ್ಕಿನ ಎರಡೂ ಅರ್ಧಗಳನ್ನು ತೆರೆದಿಟ್ಟು ಹೀಟ್ ಲ್ಯಾಂಪಿನ ಕೆಳಗೆ ಅಥವಾ 70 ಡಿಗ್ರಿಯ ಓವನ್ನಿನಲ್ಲಿ ಕನಿಷ್ಠ ಅರ್ಧ ಗಂಟೆ ಇಡಬೇಕು. ಇದರಿಂದ ಫ್ಲಾಸ್ಕ್ ಬೆಚ್ಚಗಾಗಿ ನೈಲಾನ್ ದೂರ ಹರಿಯುವ ಅನುಕೂಲವೂ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಬಿಡಿ. ಕಾರ್ಟ್ರಿಜ್ಜಿನ ಫಾಯಿಲ್ ಪೊಟ್ಟಣವನ್ನು ಬಳಸುವ ಗಳಿಗೆಯಲ್ಲೇ ಒಡೆಯಬೇಕು. ಒಂದು ಜುಲೈ ಸಂಜೆ ನಾನು ಪೊಟ್ಟಣ ಒಡೆದಿಟ್ಟ ಮೇಲೆ ಕರೆಂಟ್ ಹೋಯಿತು. ರಾತ್ರಿಯಿಡೀ ತೆರೆದೇ ಇದ್ದ ಆ ಕಾರ್ಟ್ರಿಜ್ಜನ್ನು ಬೆಳಿಗ್ಗೆ "ಒಂದು ರಾತ್ರಿಗೆ ಏನಾಗುತ್ತದೆ" ಎಂದು ಬಳಸಿದೆ. ಸೆಟ್ಟಿನ ನಾಲಿಗೆಯ ಬದಿ ಸೋಡಾ ಬಾಟಲಿಯ ಗಾಜಿನ ಹಾಗೆ ಗುಳ್ಳೆಗುಳ್ಳೆಯಾಗಿ ಬಂತು. ಹಲ್ಲು ಕೊರೆಯುವುದರಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಬೇಕಾಯಿತು.

ಹಂತ 8: ಇಂಜೆಕ್ಷನ್

ಫರ್ನೇಸನ್ನು ಮೊದಲು ಪೂರ್ತಿ ಕಾಯಿಸಿ, ಉಷ್ಣಾಂಶ ನಿಂತ ಮೇಲೆಯೇ ಕಾರ್ಟ್ರಿಜ್ ಒಳಗಿಡಬೇಕು. ಬಳಕೆಯಲ್ಲಿರುವ ಹೆಚ್ಚಿನ ನೈಲಾನ್‌ಗಳಿಗೆ ಬೇಕಾದ ಶಾಖ 285ರಿಂದ 300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಕಾರ್ಟ್ರಿಜ್ಜಿನ ಗಾತ್ರಕ್ಕೆ ತಕ್ಕಂತೆ 11ರಿಂದ 20 ನಿಮಿಷ ಹಿಡಿಯುತ್ತದೆ. ನಿಖರವಾದ ಅಂಕಿ ನಿಮ್ಮ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ, ಒಂದು ಕಂಪನಿಯ ಅಂಕಿಯನ್ನು ಇನ್ನೊಂದಕ್ಕೆ ಹಾಕಬಾರದು. ಕಾರ್ಟ್ರಿಜ್ಜಿನ ಹೊರಮೈಗೆ ಸಿಲಿಕೋನ್ ಗ್ರೀಸ್ ಸವರಿದ್ದರೆ ಆಮೇಲೆ ಸಿಕ್ಕಿಕೊಳ್ಳುವುದಿಲ್ಲ.

ಕಾಯುವ ಹೊತ್ತಿನಲ್ಲೇ ಬೆಚ್ಚಗಿನ ಫ್ಲಾಸ್ಕ್ ಮುಚ್ಚಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಪ್ರೆಸ್ಸಿನಲ್ಲಿ ಕೂರಿಸಿಟ್ಟಿರಬೇಕು. ಕಾರ್ಟ್ರಿಜ್ ಹೊರಬಂದ ಮೇಲೆ ಸ್ಪ್ಯಾನರ್ ಹುಡುಕುವಂತಾಗಬಾರದು. ಫರ್ನೇಸಿನಿಂದ ತೆಗೆದು ಒತ್ತಡ ಕೊಡುವವರೆಗೆ ಒಂದು ನಿಮಿಷ ಮೀರಿದರೆ ತುದಿಗಳು ತುಂಬುವುದಿಲ್ಲ. ಕೈ ಪ್ರೆಸ್ಸಿನವರು ನಿಲ್ಲಿಸದೆ ಒಂದೇ ಓಟದಲ್ಲಿ ತಿರುಗಿಸಬೇಕು, ನಡುವೆ ತಡೆದರೆ ಆ ಜಾಗದಲ್ಲಿ ಗೆರೆ ಬೀಳುತ್ತದೆ. ತುಂಬಿದ ಮೇಲೂ 3ರಿಂದ 5 ನಿಮಿಷ ಒತ್ತಡವನ್ನು ಹಾಗೆಯೇ ಹಿಡಿದಿರಬೇಕು. ತಣ್ಣಗಾಗುತ್ತಾ ಕುಗ್ಗುವ ನೈಲಾನ್‌ಗೆ ಹಿಂದಿನಿಂದ ಇನ್ನಷ್ಟು ಬಂದು ಸೇರುವುದು ಆ ಹೊತ್ತಿನಲ್ಲೇ.

ಹೊರಬಂದ ಸ್ಪ್ರೂ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಶಾಖವೋ ಸಮಯವೋ ಮಿತಿ ಮೀರಿದೆ, ಆ ಸೆಟ್ಟು ಸುಲಭವಾಗಿ ಮುರಿಯುತ್ತದೆ. ಕ್ಲಾಸ್ಪಿನ ತುದಿ ದುಂಡಗೆ ನಿಂತಿದ್ದರೆ ಶಾಖ ಸಾಲದು, ಅಥವಾ ಫ್ಲಾಸ್ಕ್ ತಣ್ಣಗಿತ್ತು, ಇಲ್ಲವೇ ಮೇಣ ತೆಳುವಾಗಿತ್ತು. ಅಂಚಿನ ಸುತ್ತ ಹಾಳೆಯಂತೆ ನೈಲಾನ್ ಹರಡಿದ್ದರೆ ಬೋಲ್ಟು ಸಡಿಲವಿತ್ತು; ಅಂಥ ಸೆಟ್ಟಿನ ಬೈಟನ್ನು ಆರ್ಟಿಕ್ಯುಲೇಟರಿನಲ್ಲಿ ನೋಡದೆ ಕಳುಹಿಸಬಾರದು.

ಹಂತ 9: ಬಿಚ್ಚುವುದು ಮತ್ತು ಫಿನಿಶಿಂಗ್

ಬರಿಗೈಯಲ್ಲಿ ಮುಟ್ಟುವಷ್ಟು ಆರುವವರೆಗೆ ಫ್ಲಾಸ್ಕನ್ನು ಬೆಂಚಿನ ಮೇಲೆಯೇ ಬಿಡಬೇಕು, ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ನಲ್ಲಿಯ ಕೆಳಗೆ ಹಿಡಿದರೆ ಸೆಟ್ಟು ಸೊಟ್ಟಗಾಗುತ್ತದೆ. ಸ್ಟೋನನ್ನು ಹೊರಗಿನಿಂದ ಒಳಗೆ ಸಣ್ಣ ಸಣ್ಣ ತುಂಡುಗಳಾಗಿ ಬಿಡಿಸಿ, ಸ್ಪ್ರೂವನ್ನು ಡಿಸ್ಕಿನಿಂದ ಕತ್ತರಿಸಬೇಕು, ಬಗ್ಗಿಸಿ ಮುರಿಯಬಾರದು.

ನೈಲಾನ್ ಅರೆಯುವಾಗ ವೇಗ ಹೆಚ್ಚಾದರೆ ಪುಡಿಯಾಗುವ ಬದಲು ಕರಗಿ ಬರ್‌ಗೆ ಸುತ್ತಿಕೊಳ್ಳುತ್ತದೆ. ಹರಿತವಾದ ಕಾರ್ಬೈಡ್ ಬರ್, ಕಡಿಮೆ ವೇಗ, ಹಗುರವಾದ ಕೈ, ಒಂದೇ ದಿಕ್ಕಿನ ಎಳೆತ ಇವಿಷ್ಟು ಸಾಕು. ಅಂಚಿನಲ್ಲಿ ಏಳುವ ನೂಲಿನಂಥ ಎಳೆಗಳನ್ನು ಹರಿತವಾದ ಬ್ಲೇಡಿನಿಂದ ಕೊಯ್ದು, ಆಮೇಲೆ ರಬ್ಬರ್ ಚಕ್ರ ಹಿಡಿಯಬೇಕು. ಒಸಡಿಗೆ ಚುಚ್ಚುವ ದೂರಿನ ಮೂಲ ಬಹಳ ಸಲ ಈ ಎಳೆಗಳೇ. ನಂತರ ಒದ್ದೆ ಪ್ಯೂಮಿಸ್, ಟ್ರಿಪೋಲಿ (ನಯವಾದ ಹೊಳಪಿನ ಸಾಮಗ್ರಿ), ಕೊನೆಗೆ ನೈಲಾನ್‌ಗೆ ಹೇಳಿದ ಪಾಲಿಶ್. ಬಫ್‌ನಡಿ ಒಂದೇ ಕಡೆ ನಿಲ್ಲಿಸಿ ಹಿಡಿದರೆ ಮೇಲ್ಮೈ ಮಂಕಾಗುತ್ತದೆ.

ಹಂತ 10: ಕೂರಿಸಿ ನೋಡಿ ಕಳುಹಿಸುವುದು

ಸೆಟ್ಟನ್ನು ಒಂದು ನಿಮಿಷ ಬಿಸಿನೀರಿನಲ್ಲಿಟ್ಟು ಮೂಲ ಮಾಡೆಲಿನ ಮೇಲೆ ಕೂರಿಸಬೇಕು. ಮಾಡೆಲಿನ ಹಲ್ಲು ಕೆರೆಯುತ್ತಿದ್ದರೆ, ಕೆರೆದ ಬಿಳಿ ಗುರುತಿರುವ ಕಡೆ ಮಾತ್ರ ಒಳಗಿನಿಂದ ತೆಗೆಯಬೇಕು. ಕ್ಲಾಸ್ಪ್ ಸಡಿಲವಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ಇಕ್ಕಳದಿಂದ ಒಳಕ್ಕೆ ಬಾಗಿಸಿ, ಆರುವವರೆಗೂ ಹಾಗೆಯೇ ಹಿಡಿದಿರಬೇಕು. ಬೇಗ ಬಿಟ್ಟರೆ ಹಳೆಯ ಆಕಾರಕ್ಕೆ ಮರಳುತ್ತದೆ.

ಒದ್ದೆ ಹತ್ತಿಯೊಂದಿಗೆ ಜಿಪ್ ಕವರಿನಲ್ಲಿ ಹಾಕಿ, ಡಾಕ್ಟರಿಗೆ ಒಂದು ಚೀಟಿ ಇಡಿ: ಬಾಯಿಗೆ ಹಾಕುವ ಮೊದಲು ಬಿಸಿನೀರಿನಲ್ಲಿಟ್ಟು, ತಾಳುವಷ್ಟು ಆರಿಸಿಕೊಳ್ಳುವುದು, ಒಳಮೈಗೆ ಅಕ್ರಿಲಿಕ್ ಹಾಕಿ ರಿಲೈನ್ ಮಾಡದಿರುವುದು, ರೋಗಿಗೆ ಗಡುಸಾದ ಬ್ರಷ್ ಬಳಸಬಾರದೆಂದೂ ರಾತ್ರಿ ತೆಗೆದು ನೀರಿನಲ್ಲಿಡಬೇಕೆಂದೂ ಹೇಳುವುದು. ಮೂಲ ಮಾಡೆಲನ್ನು ಕೇಸ್ ನಂಬರ್ ಬರೆದು ಆರು ತಿಂಗಳಾದರೂ ಇಟ್ಟುಕೊಳ್ಳಬೇಕು. ಹಲ್ಲೊಂದು ಕಳಚಿ ಬಂದ ದಿನ ಅಂಟು ಹಚ್ಚಿ ಕಳುಹಿಸಿದರೆ ಅದು ವಾರದಲ್ಲಿ ಮತ್ತೆ ಬರುತ್ತದೆ. ಆ ಭಾಗವನ್ನು ಕತ್ತರಿಸಿ, ಹಲ್ಲಿಗೆ ಹೊಸದಾಗಿ ತೂತು ಕೊರೆದು, ಮೇಣ ಹಾಕಿ, ಮತ್ತೊಮ್ಮೆ ಇಂಜೆಕ್ಟ್ ಮಾಡಬೇಕು. ಆಗ ಸೆಟ್ಟನ್ನು ಕೂರಿಸಿ ಕೆಲಸ ಮಾಡಲು ಬೇಕಾಗುವುದು ಆ ಮಾಡೆಲೇ.